ಕಿವಿಯೊಳಗಿನ ಗುಂಯ್ ಸದ್ದಿಗೆ ನಾನು ಮಾಡುವ ಚಿಕಿತ್ಸೆ

ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳಿಸುವಿಕೆಯ ತೊಂದರೆಗಳನ್ನು ಪರೀಕ್ಷಿಸಿ ನೋಡಿಕೊಳ್ಳುವವಳು. ಕಿವಿಯಲ್ಲಿ ಸದಾ ಗುಂಯ್ ಅನ್ನುತ್ತೆ, ಜೀರುಂಡೆ ಕೂಗಿದ ಹಾಗಿರುತ್ತೆ ಅಂತ ಬರುವವರು ಕೇಳುವುದು ಹೆಚ್ಚುಕಮ್ಮಿ ಒಂದನ್ನೇ: "ಇದು ನಿಲ್ಲೋ ಹಾಗೆ ಒಂದು ಮಾತ್ರೆ ಕೊಡಿ ಮೇಡಂ." ಅಂಥ ಮಾತ್ರೆ ಇಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ಹಾಗಂತ "ಏನೂ ಮಾಡೋಕಾಗಲ್ಲ, ಸಹಿಸ್ಕೊಳ್ಳಿ" ಅಂತ ಕಳಿಸುವುದೂ ನನಗೆ ಒಪ್ಪಿಗೆಯಿಲ್ಲ. ಆ ಮಾತು ಕೇಳಿ ಗಾಬರಿಯಾಗಿ, ನಿದ್ದೆಗೆಟ್ಟು, ಸದ್ದು ಇನ್ನೂ ಜಾಸ್ತಿಯಾದವರೇ ನನ್ನ ಹತ್ತಿರ ಬರುತ್ತಾರೆ.

ಮೊದಲು ಇಎನ್‌ಟಿ ಡಾಕ್ಟರು ನೋಡಿರಬೇಕು. ಬರೀ ಗುಗ್ಗೆ ಇದ್ದರೂ ಇರಬಹುದು. ಒಂದೇ ಕಿವಿಯಲ್ಲಿ ಸದ್ದು, ನಾಡಿ ಮಿಡಿತದ ಜೊತೆ ಡಬ್ ಡಬ್ ಅನ್ನುವ ಸದ್ದು, ಇದ್ದಕ್ಕಿದ್ದಂತೆ ಕಿವುಡು, ಇವುಗಳಿಗೆ ತಡ ಮಾಡಲೇಬಾರದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡಲೂಬಾರದು.

ದೊಡ್ಡಬಳ್ಳಾಪುರದ ಕಡೆಯವರೊಬ್ಬರು ಬಂದಿದ್ದರು. ವಯಸ್ಸೆಲ್ಲ ಪವರ್‌ಲೂಮ್ ಮಗ್ಗಗಳ ನಡುವೆ ಕಳೆದವರು. ಕೇಳಿಸುವಿಕೆಯ ಪರೀಕ್ಷೆಯ ಗ್ರಾಫ್ 4000 ಹರ್ಟ್ಜ್ ಹತ್ತಿರ, ಅಂದರೆ ತೀಕ್ಷ್ಣ ಸ್ವರಗಳ ಕಡೆ, ಧಡಕ್ಕನೆ ಕೆಳಗಿಳಿದಿತ್ತು. ಗದ್ದಲದಿಂದ ಕಿವಿ ಕೆಟ್ಟವರಲ್ಲಿ ಹೀಗೇ ಕಾಣುವುದು. ಆ ಗ್ರಾಫನ್ನೇ ಅವರ ಮುಂದಿಟ್ಟೆ. ಒಳಗಿವಿಯಲ್ಲಿ ಸಣ್ಣ ಕೂದಲಿನಂಥ ಕೋಶಗಳಿರುತ್ತವೆ. ಅವು ಹಾಳಾದರೆ ಅಲ್ಲಿಂದ ಮಿದುಳಿಗೆ ಸುದ್ದಿ ಹೋಗುವುದು ಕಮ್ಮಿಯಾಗುತ್ತದೆ. ಆಗ ಮಿದುಳು ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ನಿಮಗೆ ಕೇಳಿಸುತ್ತಿರುವುದು ಅದು ಅಂದೆ.

"ತಲೆಯೊಳಗೆ ಗಡ್ಡೆ ಅಲ್ವಾ ಹಾಗಾದ್ರೆ?" ಅಂದರು. ಅವರನ್ನು ನಿದ್ದೆಗೆಡಿಸಿದ್ದು ಸದ್ದಲ್ಲ, ಈ ಪ್ರಶ್ನೆ. ಡಾಕ್ಟರು ಅದನ್ನೆಲ್ಲ ನೋಡಿಯೇ ಕಳಿಸಿದ್ದರು, ಆದರೆ ಇವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

"ಮಗ್ಗ ಓಡ್ತಿದ್ದಾಗ ಮನೇಲಿ ಹೇಗೆ ಮಲಗ್ತಿದ್ರಿ?" ಅಂತ ಕೇಳಿದೆ. ನಕ್ಕರು. "ಕರೆಂಟು ಹೋಗಿ ಮಗ್ಗ ನಿಂತಾಗ್ಲೇ ಎಚ್ಚರ ಆಗ್ತಿತ್ತು ಮೇಡಂ." ಅಪಾಯವಿಲ್ಲ ಅಂತ ಗೊತ್ತಾದ ಸದ್ದನ್ನು ಮಿದುಳು ಲೆಕ್ಕಕ್ಕೇ ಇಡುವುದಿಲ್ಲ. ಕಿವಿಯ ಸದ್ದಿನ ಬಗ್ಗೆ ಸಂಶೋಧಕ ಜಾಸ್ಟ್ರೆಬಾಫ್ 1990ರಲ್ಲಿ ಮುಂದಿಟ್ಟ ವಿವರಣೆಯ ತಿರುಳೂ ಇದೇ.

ಇನ್ನು ಸೌಂಡ್ ಥೆರಪಿ, ಅಂದರೆ ಹೊರಗಿನ ಸದ್ದನ್ನು ಬಳಸಿ ಕಿವಿಯ ಸದ್ದಿಗೆ ಮಿದುಳನ್ನು ಒಗ್ಗಿಸುವುದು. ಮೊದಲು ಹಿಯರಿಂಗ್ ಏಡ್ ಹಾಕಿದೆ. ಹೊರಗಿನ ಸದ್ದು ಚೆನ್ನಾಗಿ ಒಳಗೆ ಬಂದರೆ ಅರ್ಧ ಕೆಲಸ ಆದ ಹಾಗೆ. ರಾತ್ರಿಗೆ ದುಬಾರಿ ಯಂತ್ರವೇನೂ ಬೇಡ. ಫೋನಿನಲ್ಲಿ ಮಳೆ ಸದ್ದು ಹಾಕಿ ತಲೆದೆಸೆಯಲ್ಲಿಟ್ಟರೆ ಸಾಕು, ಇಯರ್‌ಫೋನ್ ಬೇಡ. ಆದರೆ ಎಲ್ಲರೂ ಮಳೆಯನ್ನು ಜೋರು ಮಾಡಿ ಕಿವಿಯ ಸದ್ದನ್ನು ಮುಚ್ಚಲು ನೋಡುತ್ತಾರೆ. ನಾನು ಎದುರಿಗೇ ಕೂತು ವಾಲ್ಯೂಮ್ ಇಳಿಸಿ ತೋರಿಸುತ್ತೇನೆ. ಎರಡೂ ಕೇಳಿಸಬೇಕು, ಮಳೆ ಒಂಚೂರು ಕಮ್ಮಿಯೇ ಇರಬೇಕು. ಕೇಳಿಸದ ಸದ್ದಿಗೆ ಮಿದುಳು ಒಗ್ಗುವುದಾದರೂ ಹೇಗೆ? ನಿಶ್ಶಬ್ದವಾದ ಕೋಣೆಯಲ್ಲಂತೂ ಸುಮ್ನೆ ಕೂರಬೇಡಿ ಅನ್ನುತ್ತೇನೆ.

ಇದಕ್ಕೆ ತಾಳ್ಮೆ ಬೇಕು. ಪೂರ್ತಿ ಒಗ್ಗಲು ಒಂದೂವರೆ ವರ್ಷವೂ ಹಿಡಿಯಬಹುದು. ನಡುವೆ ಬಿಟ್ಟುಹೋಗುವವರು ಇದ್ದಾರೆ.

ತೊಂದರೆ ಎಷ್ಟಿದೆ ಅಂತ ನೋಡಲು 25 ಪ್ರಶ್ನೆಗಳ ಒಂದು ಪಟ್ಟಿ ಇದೆ, ಒಟ್ಟು 100 ಅಂಕ. ಅಂಕ ಹೆಚ್ಚಿದ್ದಷ್ಟೂ ತೊಂದರೆ ಹೆಚ್ಚು. ಇವರಿಗೆ ಕೆಲವು ತಿಂಗಳ ಮೇಲೆ ಮತ್ತೆ ಕೇಳಿದಾಗ ಅಂಕ ಮೊದಲಿದ್ದುದರ ಅರ್ಧಕ್ಕಿಂತ ಕೆಳಗಿಳಿದಿತ್ತು. ತಮಾಷೆ ಅಂದರೆ, ಕಿವಿಯ ಸದ್ದಿನ ಮಟ್ಟ ಅಳೆದರೆ ಮೊದಲಿನಷ್ಟೇ ಇತ್ತು. "ನಿದ್ದೆ ಬರುತ್ತೆ. ಆದ್ರೆ ನೆಗಡಿ, ಜ್ವರ ಬಂದ್ರೆ ಮತ್ತೆ ಕಾಟ ಕೊಡುತ್ತೆ" ಅಂದರು. ಆ ದಿನಗಳಲ್ಲಿ ಹಗಲೂ ಮಳೆ ಸದ್ದು ಹಾಕಿಕೊಳ್ಳಿ ಅಂತ ಚೀಟಿಯಲ್ಲಿ ಬರೆದುಕೊಟ್ಟೆ.