ಚಂದ್ರನ ಮುಂದೆ ಹಾದ ಹಕ್ಕಿಯ ದಿಕ್ಕು ಹಿಡಿದ ಬಗೆ: ನನ್ನ ಅನುಭವ

ರಾತ್ರಿ ವಲಸೆ ಹೋಗುವ ಸಣ್ಣ ಹಕ್ಕಿಯ ದಿಕ್ಕು ತಿಳಿಯಬೇಕಾದರೆ ರೇಡಾರ್ ಬೇಕು, ಇಲ್ಲವೇ ಹಕ್ಕಿ ಹಿಡಿದು ಟ್ರಾನ್ಸ್‌ಮಿಟರ್ ಕಟ್ಟಬೇಕು. ಹಕ್ಕಿ ನೋಡುವ ನಮ್ಮ ಬಳಗದಲ್ಲಿ ಮೊದಲಿನಿಂದಲೂ ಇದೇ ಮಾತು. ಎರಡೂ ಇಲ್ಲದೆ, ಒಂದು ಟೆಲಿಸ್ಕೋಪ್, ಒಂದು ಕ್ಯಾಮೆರಾ, ಹುಣ್ಣಿಮೆ ಚಂದ್ರ ಇಷ್ಟೇ ಇಟ್ಟುಕೊಂಡು ದಿಕ್ಕು ಹೇಳುತ್ತೇನೆ ಎಂದಾಗ ಎಲ್ಲರೂ ನಕ್ಕರು. ‘ನಿಮಗೆ ಕಾಣೋದು ಬಾವಲಿ, ಪತಂಗ ಅಷ್ಟೇ’ ಎಂದರು ಒಬ್ಬ ಹಿರಿಯರು. ಈಗ ಕೆಲವು ಋತುಗಳ ಲೆಕ್ಕ ಕೈಯಲ್ಲಿದೆ. ದಿಕ್ಕು ರಾತ್ರಿಯಿಂದ ರಾತ್ರಿಗೆ ಹೊಂದುತ್ತಿದೆ. ಆ ಹಿರಿಯರೇ ಫೈಲ್ ಕೇಳಿ ತರಿಸಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ನಾನು ಕಂಡುಹಿಡಿದದ್ದಲ್ಲ. 1940ರ ದಶಕದಲ್ಲೇ ಅಮೆರಿಕದ ಪಕ್ಷಿವಿಜ್ಞಾನಿ ಜಾರ್ಜ್ ಲೋವರಿ ಚಂದ್ರನ ಬಿಲ್ಲೆಯ ಮುಂದೆ ಹಾದು ಹೋಗುವ ಹಕ್ಕಿಗಳನ್ನು ಎಣಿಸಿ ಲೆಕ್ಕ ಕಟ್ಟಿದ್ದರು. 1952ರಲ್ಲಿ ಆ ದೇಶದ ಉದ್ದಗಲಕ್ಕೂ ಸಾವಿರಕ್ಕೂ ಹೆಚ್ಚು ಜನ ಒಂದೇ ವಾರದಲ್ಲಿ ಟೆಲಿಸ್ಕೋಪ್ ಹಿಡಿದು ಕೂತಿದ್ದರು. ಚಂದ್ರನನ್ನು ಗಡಿಯಾರ ಎಂದುಕೊಳ್ಳಬೇಕು. ಹಕ್ಕಿ 4ರಲ್ಲಿ ಒಳಗೆ ಬಂತು, 10ರಲ್ಲಿ ಹೊರಗೆ ಹೋಯಿತು ಎಂದು ಬರೆಯಬೇಕು. ಅಷ್ಟೇ. ಆಮೇಲೆ ರೇಡಾರ್ ಬಂತು, ಜನ ಇದನ್ನು ಮರೆತರು. ಈಚೆಗೆ ಓಕ್ಲಹೋಮಾ ವಿಶ್ವವಿದ್ಯಾಲಯದವರು ಲೂನ್‌ಏರೋ ಎಂಬ ಹೆಸರಿನಲ್ಲಿ ಇದಕ್ಕೇ ಒಂದು ಅಗ್ಗದ ಯಂತ್ರ ಮಾಡಿದರು. ಅದನ್ನು ಓದಿದ ಮೇಲೆ ನನಗೂ ಹುಚ್ಚು ಹತ್ತಿತು.

ಮೊದಲು ಕಣ್ಣಿನಲ್ಲೇ ನೋಡಿದೆ. ಆಗಲ್ಲ. ಹುಣ್ಣಿಮೆ ಚಂದ್ರನನ್ನು 30 ಪಟ್ಟು ಹಿಗ್ಗಿಸಿ ಅರ್ಧ ಗಂಟೆ ನೋಡಿದರೆ ಆ ಕಣ್ಣಿಗೆ ಬೇರೇನೂ ಕಾಣುವುದಿಲ್ಲ, ರೆಪ್ಪೆ ಬಡಿಯುವಷ್ಟರಲ್ಲಿ ಹಕ್ಕಿ ಹೋಗಿರುತ್ತದೆ, ಮತ್ತೆ ಚಂದ್ರ ಎರಡು ನಿಮಿಷಕ್ಕೆ ತನ್ನ ಅಗಲದಷ್ಟೇ ದೂರ ಜಾರುತ್ತಾನೆ, ಅವನ ಹಿಂದೆ ಗುಬುಟು ತಿರುಗಿಸುತ್ತಾ ಕೂರಬೇಕು. ಹಾಗಾಗಿ ಕ್ಯಾಮೆರಾಗೆ ಹೋದೆ. ದುಡ್ಡು ಹೋದದ್ದು ಅಲ್ಲಿಂದಲೇ.

ಟೆಲಿಸ್ಕೋಪ್‌ಗೆ ಜಾಸ್ತಿ ಖರ್ಚಾಗಲಿಲ್ಲ, ಸೆಕೆಂಡ್ ಹ್ಯಾಂಡ್ ಸಿಕ್ಕಿತು. ಟೆಲಿಸ್ಕೋಪ್ ಕೂರಿಸಿ ಮೋಟರ್‌ನಿಂದ ಚಂದ್ರನನ್ನು ಹಿಂಬಾಲಿಸುವ ಪೀಠಕ್ಕೆ, ಅಂದರೆ ಮೌಂಟ್‌ಗೆ, ಕೊಟ್ಟ ದುಡ್ಡಿನಲ್ಲಿ ಅಂಥ ಮೂರು ಟೆಲಿಸ್ಕೋಪ್ ಬರುತ್ತಿದ್ದವು. ಅದೂ ಮೊದಲು ಕೊಂಡದ್ದರ ಮೋಟರ್ ಒಂದೇ ಋತುವಿನಲ್ಲಿ ಕೈಕೊಟ್ಟಿತು, ಮಾರಿದವರು ಕೈ ಎತ್ತಿದರು, ಎರಡನೆಯದು ತಗೊಂಡೆ. ಆಮೇಲೆ ಹಾರ್ಡ್ ಡಿಸ್ಕ್. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 45 ಜಿಬಿ ನುಂಗುತ್ತದೆ. ಒಂದು ರಾತ್ರಿಗೆ 250ರ ಮೇಲೆ. ಕೊನೆಗೆ ಕೂಡಿಸಿ ನೋಡಿದರೆ ಡಿಸ್ಕ್‌ಗೆ ಹಾಕಿದ ದುಡ್ಡು ಕ್ಯಾಮೆರಾಗೆ ಹಾಕಿದ್ದಕ್ಕಿಂತ ಹೆಚ್ಚಾಗಿತ್ತು. ಈಗ ಹಕ್ಕಿ ಇರುವ ತುಣುಕು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸುತ್ತೇನೆ. ಮೊದಮೊದಲು ಅಳಿಸಲು ಕೈ ಬರುತ್ತಿರಲಿಲ್ಲ.

ಕಾಲವೂ ದುಡ್ಡಿನ ಹಾಗೇ ಖರ್ಚಾಗುತ್ತದೆ. ಹುಣ್ಣಿಮೆಯ ಹಿಂದೆ ಮುಂದೆ ಎರಡು ಮೂರು ರಾತ್ರಿ ಮಾತ್ರ ಕೆಲಸಕ್ಕೆ ಬರುತ್ತವೆ. ವಲಸೆಯ ಜೋರು ಎರಡು ತಿಂಗಳು ಎಂದಿಟ್ಟುಕೊಂಡರೆ ಋತುವಿಗೆ ಹತ್ತು ಹನ್ನೆರಡು ರಾತ್ರಿ. ಅದರಲ್ಲಿ ಅರ್ಧ ಮೋಡಕ್ಕೆ ಹೋಯಿತು. ಉಳಿದದ್ದರಲ್ಲಿ ಒಂದೆರಡು ಇಬ್ಬನಿಗೆ. ಲೆನ್ಸ್‌ಗೆ ಬಿಸಿ ಪಟ್ಟಿ ಕಟ್ಟದೆ ಈ ಕೆಲಸಕ್ಕೆ ಇಳಿಯಬೇಡಿ.

ಬಾವಲಿ, ಪತಂಗದ ಮಾತಿಗೆ ಬರುತ್ತೇನೆ. ಇದು ನೀವು ಅಂದುಕೊಂಡಷ್ಟು ಕಷ್ಟ ಅಲ್ಲ. ಚಂದ್ರನ ಗುಳಿಗಳಿಗೆ ಫೋಕಸ್ ಹಿಡಿದರೆ ನೂರಿನ್ನೂರು ಮೀಟರ್ ಒಳಗೆ ಹಾರುವುದೆಲ್ಲ ಮಸುಕು ಮಸುಕಾಗಿ, ದೊಡ್ಡದಾಗಿ ಕಾಣುತ್ತದೆ. ದೂರದ ಹಕ್ಕಿಗೆ ಅಂಚು ಸ್ಪಷ್ಟ. ಹಕ್ಕಿ ನೇರ ಗೆರೆ ಎಳೆದ ಹಾಗೆ ಹೋಗುತ್ತದೆ, ಬಾವಲಿ ಹೊರಳಾಡುತ್ತದೆ. ಎತ್ತರದಲ್ಲಿ ನೇರ ಹಾರುವ ಬಾವಲಿಯೂ ಇದೆ, ಅದಕ್ಕೆ ರೆಕ್ಕೆ ಬಡಿತ ನೋಡಬೇಕು. ಸಣ್ಣ ಹಾಡುಹಕ್ಕಿ ಬಡಿದು ಬಡಿದು ಒಂದು ಕ್ಷಣ ರೆಕ್ಕೆ ಮುಚ್ಚುತ್ತದೆ, ಬಾವಲಿ ಮುಚ್ಚುವುದಿಲ್ಲ. ಸಾಫ್ಟ್‌ವೇರ್‌ಗೆ ಇದನ್ನು ಹೇಗೆ ಕಲಿಸಿದೆ ಎಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ಚಳಿಗಾಲ ಕೂತು ಮಾಡಿದ ಕೆಲಸ ಅದು.

ಒಂದು ಎಚ್ಚರಿಕೆ. ಟೆಲಿಸ್ಕೋಪಿನ ಹಿಂದೆ ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಡಯಾಗನಲ್ ಕನ್ನಡಿ ಇದ್ದರೆ ತೆಗೆದು ಪಕ್ಕಕ್ಕಿಡಿ. ಅದು ಎಡ ಬಲ ಅದಲು ಬದಲು ಮಾಡುತ್ತದೆ. ದಕ್ಷಿಣಕ್ಕೆ ಹೋಗಬೇಕಾದ ಹಕ್ಕಿಗಳು ಉತ್ತರಕ್ಕೆ ಹೋಗುತ್ತಿವೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದೇ ಆ ಕನ್ನಡಿಯ ವಿಷಯ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಮೊದಲ ಋತುವಿನ ದಿಕ್ಕುಗಳನ್ನೆಲ್ಲ ಹರವಿ ನೋಡಿದರೆ ಒಂದು ವಿಚಿತ್ರ ಕಂಡಿತು. ಸಂಜೆ ಚಂದ್ರ ಪೂರ್ವದಲ್ಲಿದ್ದಾಗ ಹಕ್ಕಿಗಳೆಲ್ಲ ನೇರ ದಕ್ಷಿಣಕ್ಕೆ. ಚಂದ್ರ ಆಗ್ನೇಯಕ್ಕೆ ಬಂದ ಹಾಗೆ ಹಕ್ಕಿಗಳೂ ನೈಋತ್ಯಕ್ಕೆ ವಾಲಿದವು. ಮಧ್ಯರಾತ್ರಿ ಕಳೆದು ಚಂದ್ರ ನೈಋತ್ಯಕ್ಕೆ ಇಳಿದಾಗ ಹಕ್ಕಿಗಳು ಆಗ್ನೇಯಕ್ಕೆ. ಹಕ್ಕಿ ರಾತ್ರಿಯಿಡೀ ಚಂದ್ರನ ಜೊತೆ ತಿರುಗುತ್ತದೆ ಎಂದು ಯಾರಾದರೂ ಲೇಖನ ಬರೆದುಬಿಡುತ್ತಿದ್ದರು! ‘ತಿರುಗ್ತಿರೋದು ಹಕ್ಕಿ ಅಲ್ಲ, ನಿಮ್ಮ ಕಿಟಕಿ’ ಎಂದರು ಆ ಹಿರಿಯರು. ಅವರು ಅಷ್ಟು ಸರಿಯಾಗಿ ಹೇಳಿದ್ದು ಅದೊಂದೇ ಸಲ.

ಚಂದ್ರನ ಬಿಲ್ಲೆ ಅರ್ಧ ಡಿಗ್ರಿ ಅಗಲ. ಒಂದು ಕಿಲೋಮೀಟರ್ ದೂರದಲ್ಲಿ ಅದು ಮುಚ್ಚುವ ಜಾಗ ಸುಮಾರು 9 ಮೀಟರ್. ಎರಡು ಕಿಲೋಮೀಟರ್‌ನಲ್ಲಿ 17. ಆದರೆ ಹಕ್ಕಿ ಹಾರುವ ಮಟ್ಟದಲ್ಲಿ ಅಡ್ಡಕ್ಕೆ ಕತ್ತರಿಸಿ ನೋಡಿದರೆ ಆ ಜಾಗ ಗುಂಡಗಿಲ್ಲ, ಚಂದ್ರನ ಕಡೆಗೆ ಉದ್ದಕ್ಕೆ ಎಳೆದ ಮೊಟ್ಟೆ. ಚಂದ್ರ 30 ಡಿಗ್ರಿ ಎತ್ತರದಲ್ಲಿದ್ದರೆ ಉದ್ದ ಅಗಲದ ಎರಡು ಪಟ್ಟು, 20 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು. ಅದಕ್ಕೆ ಅಡ್ಡ ಬರುವ ಹಕ್ಕಿ ಸಿಕ್ಕಿಬೀಳುವ ಸಾಧ್ಯತೆ ಅಷ್ಟೇ ಪಟ್ಟು ಜಾಸ್ತಿ. ಉದ್ದಕ್ಕೆ ಹಾರುವುದು ತಪ್ಪಿಸಿಕೊಳ್ಳುತ್ತದೆ. ಅಂದರೆ ಚಂದ್ರ ಎಲ್ಲಿದ್ದಾನೋ ಅದಕ್ಕೆ ಅಡ್ಡ ದಿಕ್ಕಿನ ಹಕ್ಕಿಗಳೇ ನಮಗೆ ಹೆಚ್ಚು ಕಾಣುತ್ತವೆ. ಚಂದ್ರ ಸರಿದರೆ ‘ಸರಾಸರಿ ದಿಕ್ಕು’ ಕೂಡ ಸರಿಯುತ್ತದೆ. ಪರಿಹಾರ ಸುಲಭ: ಪ್ರತಿ ಹಕ್ಕಿಯನ್ನೂ ಒಂದು ಎಂದು ಎಣಿಸಬಾರದು, ಅದರ ದಿಕ್ಕಿಗೆ ಆ ಮೊಟ್ಟೆ ಎಷ್ಟು ಅಗಲ ಕಾಣುತ್ತದೋ ಅದರಿಂದ ಭಾಗಿಸಿ ಎಣಿಸಬೇಕು.

ಇನ್ನೊಂದು ತಿದ್ದುಪಡಿ ಎಲ್ಲರಿಗೂ ಗೊತ್ತು, ಆದರೂ ಬಿಡುತ್ತಾರೆ. ಬಿಲ್ಲೆಯ ಮೇಲೆ ಕಾಣುವ ಓರೆ ನಿಜವಾದ ಓರೆಯಲ್ಲ. ನೇರ ಕೆಳಗೆ ಇಳಿಯುವ ಹಾಗೆ ಕಾಣುವ ಹಕ್ಕಿ ಇಳಿಯುತ್ತಿಲ್ಲ, ನಮ್ಮಿಂದ ಚಂದ್ರನ ಕಡೆಗೆ ದೂರ ಹೋಗುತ್ತಿದೆ. ಚಂದ್ರ 30 ಡಿಗ್ರಿಯಲ್ಲಿದ್ದಾಗ ಬಿಲ್ಲೆಯ ಮೇಲೆ 45 ಡಿಗ್ರಿ ಓರೆಯಾಗಿ ಕೆಳಗಿಳಿದ ಹಕ್ಕಿ ನಿಜವಾಗಿ ಚಂದ್ರನ ದಿಕ್ಕಿನಿಂದ 27 ಡಿಗ್ರಿ ಮಾತ್ರ ಪಕ್ಕಕ್ಕೆ ಹೋಗುತ್ತಿರುತ್ತದೆ. ನೇರ ಕೆಳಗಿನ ಗೆರೆಯಿಂದ ಅಳೆದ ಓರೆಯ ಟ್ಯಾನ್ ಅನ್ನು ಚಂದ್ರನ ಎತ್ತರದ ಸೈನ್‌ನಿಂದ ಗುಣಿಸಿ, ಮುಗಿಯಿತು. ಎರಡೂ ತಿದ್ದುಪಡಿ ಹಾಕಿ ಹಳೆಯ ಫೈಲ್‌ಗಳನ್ನೆಲ್ಲ ಮತ್ತೆ ಓಡಿಸಿದೆ. ಆ ತಿರುಗಾಟ ಹೆಚ್ಚು ಕಡಿಮೆ ಮಾಯ! ಸಂಜೆ ಎಂಟಕ್ಕೂ ರಾತ್ರಿ ಎರಡಕ್ಕೂ ದಿಕ್ಕಿನಲ್ಲಿ ಹತ್ತು ಡಿಗ್ರಿಯ ಆಚೀಚೆ ವ್ಯತ್ಯಾಸ, ಅಷ್ಟೇ. ಒಳ್ಳೆಯ ರಾತ್ರಿ ಗಂಟೆಗೆ ಮೂವತ್ತು ನಲವತ್ತು ಹಕ್ಕಿ ಸಿಗುತ್ತಿದ್ದವು, ಸಪ್ಪೆ ರಾತ್ರಿ ಎರಡೋ ಮೂರೋ. ಹತ್ತಕ್ಕಿಂತ ಕಡಿಮೆ ಇರುವ ಗಂಟೆಗೆ ದಿಕ್ಕೇ ಹೇಳಬೇಡಿ.

ಆಮೇಲೆ ಗಾಳಿ. ಇದನ್ನು ಕಳೆಯದೆ ಹಕ್ಕಿ ದಾರಿ ಹೇಗೆ ಹಿಡಿಯುತ್ತದೆ ಎಂಬ ಮಾತಿಗೆ ಬರುವ ಹಾಗೇ ಇಲ್ಲ. ಚಂದ್ರನ ಮುಂದೆ ಕಾಣುವುದು ಹಕ್ಕಿ ನೆಲದ ಮೇಲೆ ಸಾಗುವ ದಾರಿ, ಅದರ ಕೊಕ್ಕು ಎತ್ತ ತಿರುಗಿದೆ ಅನ್ನುವುದಲ್ಲ. ಸಣ್ಣ ಹಕ್ಕಿಯ ವೇಗ ಸೆಕೆಂಡಿಗೆ 10–12 ಮೀಟರ್. ಪಡುವಣ ಗಾಳಿ 6 ಮೀಟರ್ ಇದ್ದರೆ ನೇರ ದಕ್ಷಿಣಕ್ಕೆ ಮುಖ ಮಾಡಿದ ಹಕ್ಕಿ 27–31 ಡಿಗ್ರಿ ಪೂರ್ವಕ್ಕೆ ತೇಲಿ ಹೋಗುತ್ತದೆ. ಮನೆ ಮೇಲೆ ಗಾಳಿಯ ದಿಕ್ಕು ತೋರಿಸುವ ಪಂಖ ನೋಡಿ ಲೆಕ್ಕ ಹಾಕುವುದು ಸುಮ್ನೆ. ಎತ್ತರದ ಗಾಳಿಯೇ ಬೇರೆ. ಹವಾಮಾನದ ಮಾದರಿಗಳು ಗಾಳಿಯ ಒತ್ತಡ 925 ಮತ್ತು 850 ಹೆಕ್ಟೊಪಾಸ್ಕಲ್ ಇರುವ ಮಟ್ಟದ ಗಾಳಿಯನ್ನು ಬಿಟ್ಟಿ ಕೊಡುತ್ತವೆ, ಅಂದರೆ ಮುಕ್ಕಾಲು ಮತ್ತು ಒಂದೂವರೆ ಕಿಲೋಮೀಟರ್ ಎತ್ತರದ ಆಸುಪಾಸು. ಎರಡರ ನಡುವೆ ಯಾವ ಎತ್ತರ ಹಿಡಿಯುತ್ತೇನೆ, ಎಷ್ಟು ತೂಕ ಕೊಡುತ್ತೇನೆ ಅನ್ನುವ ಎರಡು ಸಂಖ್ಯೆ ನನ್ನ ಹತ್ತಿರವೇ ಇರಲಿ.

ಗಾಳಿ ಕಳೆದ ಮೇಲೆ ಕಂಡದ್ದು ನನಗೇ ಹಿಡಿಸಿತು. ಅಡ್ಡಗಾಳಿಯ ರಾತ್ರಿಗಳಲ್ಲಿ ಹಕ್ಕಿಯ ಮುಖ ಗಾಳಿ ಬರುವ ಕಡೆಗೆ ಸ್ವಲ್ಪ ತಿರುಗಿರುತ್ತದೆ, ಆದರೆ ಪೂರ್ತಿ ಸರಿದೂಗಿಸುವಷ್ಟಲ್ಲ. ಅರ್ಧ ತೇಲುತ್ತದೆ, ಅರ್ಧ ತಡೆಯುತ್ತದೆ. ಕತ್ತಲಲ್ಲಿ, ಕೆಳಗೆ ನೆಲ ಸರಿಯಾಗಿ ಕಾಣದೆ, ತಾನು ತೇಲುತ್ತಿದ್ದೇನೆ ಎಂದು ಅದಕ್ಕೆ ತಿಳಿಯುತ್ತದೆ ಅಲ್ವಾ, ಅದೇ ಸೋಜಿಗ.

ಇಷ್ಟರಿಂದ ಯಾವ ದಿಕ್ಸೂಚಿ ಎಂದು ಹೇಳಲು ಬರುವುದಿಲ್ಲ, ಹೇಳುವವರನ್ನು ನಂಬಬೇಡಿ. ನಾನು ನೋಡುವುದು ತಿಳಿ ಆಕಾಶದಲ್ಲಿ ಮಾತ್ರ. ಆಗ ಹಕ್ಕಿಗೆ ಮುಳುಗಿದ ಸೂರ್ಯನ ಬೆಳಕೂ ಇತ್ತು, ನಕ್ಷತ್ರವೂ ಇದೆ, ಭೂಮಿಯ ಕಾಂತವೂ ಇದೆ. ಇವನ್ನು ಬಿಡಿಸಿ ತೋರಿಸಿದ್ದು ಹಕ್ಕಿಯನ್ನು ಪಂಜರದಲ್ಲಿಟ್ಟು ವಿಜ್ಞಾನಿಗಳು ಮಾಡಿದ ಕೆಲಸ. ಸ್ಟೀಫನ್ ಎಮ್ಲೆನ್ 1960ರ ದಶಕದಿಂದ 1970ರವರೆಗೆ ಇಂಡಿಗೊ ಬಂಟಿಂಗ್ ಎಂಬ ಸಣ್ಣ ಹಾಡುಹಕ್ಕಿಗಳನ್ನು ತಾರಾಲಯದೊಳಗೆ ಇಟ್ಟು, ಅವು ಆಕಾಶ ತಿರುಗುವ ನಡುಬಿಂದು ನೋಡಿ ಉತ್ತರ ಕಲಿಯುತ್ತವೆ ಎಂದು ತೋರಿಸಿದರು. ವಿಲ್ಚ್‌ಕೋ ದಂಪತಿ 1972ರಲ್ಲಿ ರಾಬಿನ್‌ಗಳ ಕಾಂತ ದಿಕ್ಸೂಚಿ ಉತ್ತರ ದಕ್ಷಿಣ ನೋಡುವುದಿಲ್ಲ, ಕಾಂತ ರೇಖೆ ನೆಲದ ಕಡೆಗೆ ಎತ್ತ ವಾಲಿದೆ ಎಂದು ನೋಡುತ್ತದೆ ಎಂದರು. ನನ್ನ ಸ್ನೇಹಿತರೊಬ್ಬರು ಈಗಲೂ ‘ಎಮ್ಲೆನ್ ಫನಲ್ ಇಲ್ಲದೆ ದಿಕ್ಕಿನ ಮಾತಾಡಬೇಡಿ’ ಅನ್ನುತ್ತಾರೆ. ಅದು ಆಲಿಕೆಯ ಆಕಾರದ ಸಣ್ಣ ಪಂಜರ, ಹಕ್ಕಿ ಎತ್ತ ನೆಗೆಯಿತು ಎಂದು ಗೋಡೆಯ ಮೇಲಿನ ಗುರುತು ಹೇಳುತ್ತದೆ. ಫನಲ್‌ಗೆ ಹಕ್ಕಿ ಹಿಡಿಯಬೇಕು, ಅದಕ್ಕೆ ಪರವಾನಗಿ ಬೇಕು. ಮತ್ತೆ ಫನಲ್ ಹೇಳುವುದು ಹಕ್ಕಿ ಎತ್ತ ಹೋಗಬೇಕೆಂದಿದೆ ಎಂದು. ನನ್ನದು ನಿಜವಾಗಿ ಎತ್ತ ಹೋಯಿತು ಎಂದು.

ನನಗೆ ಹೆಚ್ಚು ಕಾಡುವುದು ಡಚ್ಚರ ಪರ್ಡೆಕ್ 1958ರಲ್ಲಿ ಪ್ರಕಟಿಸಿದ ಕೆಲಸ. ವಲಸೆ ಹೊರಟ ಸಾವಿರಾರು ಸ್ಟಾರ್ಲಿಂಗ್‌ಗಳನ್ನು ಹಾಲೆಂಡಿನಲ್ಲಿ ಹಿಡಿದು ಸ್ವಿಟ್ಜರ್ಲೆಂಡಿನಲ್ಲಿ ಬಿಟ್ಟರು. ವಯಸ್ಸಿಗೆ ಬಂದ ದೊಡ್ಡ ಹಕ್ಕಿಗಳು ದಿಕ್ಕು ತಿದ್ದಿಕೊಂಡು ತಮ್ಮ ಜಾಗದ ಕಡೆ ತಿರುಗಿದವು. ಮೊದಲ ಸಲ ಹೊರಟ ಮರಿಗಳು ಹಳೆಯ ದಿಕ್ಕನ್ನೇ ಹಿಡಿದು ಸ್ಪೇನ್ ಕಡೆ ಹೋದವು. ಮರಿಗೆ ದಿಕ್ಸೂಚಿ ಮಾತ್ರ, ದೊಡ್ಡದಕ್ಕೆ ನಕ್ಷೆಯೂ ಇದೆ. ಮರಿಗಳು ಹೆಚ್ಚಿರುವ ಚಳಿಗಾಲದ ಮುಂಚಿನ ವಲಸೆಯಲ್ಲಿ ದಿಕ್ಕು ಹೆಚ್ಚು ಚದುರಬೇಕು, ವಾಪಸ್ ಬರುವಾಗ ಬಿಗಿಯಾಗಬೇಕು ಎಂದುಕೊಂಡು ನನ್ನ ಫೈಲ್ ನೋಡಿದೆ. ಹಾಗೇ ಕಂಡಿತು. ಆದರೆ ಆ ಎರಡು ಕಾಲದ ಗಾಳಿಯೂ ಬೇರೆ, ಅದಕ್ಕೇ ಇನ್ನೂ ಬಡಾಯಿ ಕೊಚ್ಚಿಲ್ಲ.

ಮೋಡದ ರಾತ್ರಿ ಸುಮ್ಮನೆ ಕೂರುವ ಬದಲು ಮೈಕ್ ಇಟ್ಟು ಹಾರುವ ಹಕ್ಕಿಗಳ ಕೂಗು ಹಿಡಿದೆ. ಮೋಡ ಕೆಳಗಿದ್ದಾಗ ಕೂಗು ಜಾಸ್ತಿ, ಅದರಲ್ಲೂ ದೀಪ ಇರುವ ಕಡೆ ಇನ್ನೂ ಜಾಸ್ತಿ. ಆದರೆ ಕೂಗಿನಿಂದ ದಿಕ್ಕು ಸಿಗುವುದಿಲ್ಲ, ಎಷ್ಟೋ ಜಾತಿ ರಾತ್ರಿ ಬಾಯೇ ಬಿಡುವುದಿಲ್ಲ. ನಾಲ್ಕು ಮೈಕ್ ಇಟ್ಟು ಸದ್ದು ಬರುವ ಹೊತ್ತಿನ ವ್ಯತ್ಯಾಸದಿಂದ ಜಾಗ ಹಿಡಿಯಲು ನೋಡಿದೆ. ಮೈಕ್‌ಗೆ ಹೋದ ದುಡ್ಡು ವಾಪಸ್ ಬರಲಿಲ್ಲ.

ಪಾರಿವಾಳವನ್ನೂ ಬಿಡಲಿಲ್ಲ. ಕೋಣೆಯೊಳಗೆ ಬೆಳಕಿನ ಹೊತ್ತನ್ನು ಆರು ಗಂಟೆ ಹಿಂದೆ ಇಲ್ಲವೇ ಮುಂದೆ ಮಾಡಿ ಕೆಲವು ದಿನ ಇಟ್ಟರೆ ಅದರ ಮೈಯೊಳಗಿನ ಗಡಿಯಾರ ಅಷ್ಟೇ ಸರಿಯುತ್ತದೆ, ಆಗ ಸೂರ್ಯನನ್ನು ನಂಬುವ ಪಾರಿವಾಳ ಹತ್ತಿರ ಹತ್ತಿರ 90 ಡಿಗ್ರಿ ದಾರಿ ತಪ್ಪಬೇಕು. ನನ್ನವು ಒಂದು ಸುತ್ತು ಹಾಕಿ, ರಸ್ತೆ ಹಿಡಿದು ನೇರ ಗೂಡಿಗೆ ಬಂದವು. ಗೊತ್ತಿರುವ ಊರಿನಲ್ಲಿ ನನ್ನವಕ್ಕೆ ದಿಕ್ಸೂಚಿಯ ಹಂಗೇ ಇರಲಿಲ್ಲ. ದೂರ ಒಯ್ದು ಬಿಡುವಷ್ಟು ಪುರುಸೊತ್ತು ನನಗಿರಲಿಲ್ಲ.

ಈಗ ಉಳಿದಿರುವ ದೊಡ್ಡ ತೂತು ಹಕ್ಕಿಯ ಎತ್ತರ. ಅದು ಊಹೆಯಾಗಿರುವವರೆಗೆ ಗಾಳಿಯ ಲೆಕ್ಕವೂ ಅರ್ಧ ಊಹೆ. ಅದಕ್ಕೆ ಇನ್ನೊಂದು ಟೆಲಿಸ್ಕೋಪ್ ಅನ್ನು 5 ಮೀಟರ್ ಪಕ್ಕಕ್ಕೆ ಇಡುತ್ತಿದ್ದೇನೆ. ಎರಡು ಕಿಲೋಮೀಟರ್ ದೂರದ ಹಕ್ಕಿ ಎರಡರಲ್ಲೂ ಕಾಣುತ್ತದೆ, ಆದರೆ ಬಿಲ್ಲೆಯ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ ಸರಿದು. 600 ಮೀಟರ್‌ನಲ್ಲಿದ್ದರೆ ಹೆಚ್ಚು ಕಡಿಮೆ ಇಡೀ ಬಿಲ್ಲೆಯಷ್ಟೇ ಸರಿಯುತ್ತದೆ. ಎಷ್ಟು ಸರಿಯಿತೋ ಅದರಿಂದ ದೂರ, ದೂರದಿಂದ ಎತ್ತರ. ತೊಡಕು ಎಂದರೆ ಎರಡು ಕ್ಯಾಮೆರಾದ ಗಡಿಯಾರ ಒಂದಾಗಬೇಕು. ಒಂದು ಫ್ರೇಮ್ ಹಿಂದೆ ಮುಂದೆ ಆದರೆ ಅಷ್ಟರಲ್ಲಿ ಹಕ್ಕಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ, ಎತ್ತರದಲ್ಲಿ ನೂರಕ್ಕೆ ಹತ್ತರಷ್ಟು ಏರುಪೇರು. ಎರಡನೇ ಟೆಲಿಸ್ಕೋಪ್ ಆ ಹಿರಿಯರೇ ಕೊಡುತ್ತಾರಂತೆ. ಮೌಂಟ್ ಮಾತ್ರ ನಾನೇ ತರಬೇಕಂತೆ.