ಕರಪತ್ರ ಬಿಟ್ಟೆ, ಬಾಟಲಿ ಹಿಡಿದೆ

"ಹುಳ ತೋರಿಸಿದರೆ ಜನ ಬದಲಾಗ್ತಾರಾ? ಸುಮ್ನೆ ಹೋಗ್ರೀ" ಎಂದು ನಮ್ಮ ತಂಡದವರೇ ನಕ್ಕಿದ್ದರು. ಈಗ ನಕ್ಕವರೇ ಖಾಲಿ ಬಾಟಲಿ ಕೂಡಿಡುತ್ತಿದ್ದಾರೆ. ಅದಕ್ಕೇ, ಸೊಳ್ಳೆ ಮರಿಯನ್ನು ಬಾಟಲಿಯಲ್ಲಿಟ್ಟು ಮನೆಯವರಿಗೇ ತೋರಿಸಿ ಡೆಂಗಿ ತಡೆಯಲು ಹೊರಟ ಕಥೆ ಬರೆಯಲು ಕೂತೆ. ಲಾರ್ವಾ ಸಮೀಕ್ಷೆಗೆ, ಅಂದರೆ ನೀರಿನಲ್ಲಿ ಸೊಳ್ಳೆ ಮರಿ ಹುಡುಕಲು, ಮನೆ ಮನೆ ತಿರುಗಿದವರಿಗಾಗಿ ಇದು. ಡೆಂಗಿ ಅಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಮೊದಲು ದುಡ್ಡು ಎಲ್ಲಿ ಹಾಳಾಯಿತು ಅಂತ ಹೇಳಿಬಿಡುತ್ತೇನೆ. ಕೈಯಲ್ಲಿದ್ದ ಹಣದಲ್ಲಿ ಹತ್ತಕ್ಕೆ ಏಳು ಪಾಲು ಕರಪತ್ರ, ಬ್ಯಾನರ್ ಅಚ್ಚು ಹಾಕಿಸುವುದಕ್ಕೇ ಹೋಯಿತು. ಎರಡು ವಾರ ಬಿಟ್ಟು ಒಂದು ಮನೆಗೆ ಹೋದರೆ, ಹೂಕುಂಡದ ತಟ್ಟೆ ಅಲುಗಾಡದಿರಲಿ ಅಂತ ಅದರ ಕೆಳಗೆ ನಮ್ಮದೇ ಕರಪತ್ರ ಮಡಚಿ ಇಟ್ಟಿದ್ದರು. ತಟ್ಟೆಯಲ್ಲಿ ಮರಿಗಳು ಆರಾಮಾಗಿ ಈಜುತ್ತಿದ್ದವು.

ಮೈಕ್ ಕಟ್ಟಿಕೊಂಡು ಕೂಗಿದ್ದೂ ಆಯಿತು. "ಸ್ವಚ್ಛವಾಗಿಡಿ" ಅಂದೆವು. ಅದೇ ತಪ್ಪಾಗಿದ್ದು. ಸ್ವಚ್ಛತೆ ಅಂದ ಕೂಡಲೇ ಎಲ್ಲರೂ ಚರಂಡಿ ನೋಡಿದರು, ಆಮೇಲೆ ಪಕ್ಕದ ಮನೆ ನೋಡಿದರು. ಚರಂಡಿಯಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಎಂಬ ಬೇರೆ ಜಾತಿಯ ಸೊಳ್ಳೆ. ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್‌ಗೆ ಬೇಕಾದದ್ದು ನಾವು ಕೂಡಿಟ್ಟ ತಿಳಿನೀರು. ಅದು ಇರುವುದು ಮನೆಯಲ್ಲೇ, ಮನೆ ಸುತ್ತಲೇ, ಅಲ್ವಾ? ಆಗಸ್ಟ್ 20ರ ಸೊಳ್ಳೆ ದಿನಕ್ಕೆ ಭಾಷಣವನ್ನೂ ಮಾಡಿದೆ. 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾ ಪರಾವಲಂಬಿ ಕಂಡ ಕಥೆಯನ್ನು ಬಹಳ ಚೆನ್ನಾಗಿ ಹೇಳಿದೆ ಅಂತ ಈಗಲೂ ನನ್ನ ಅಭಿಪ್ರಾಯ. ಕೇಳುತ್ತಿದ್ದವರಲ್ಲಿ ಅರ್ಧ ಜನ ಎದ್ದು ಹೋದರು.

ಉಳಿದ ಹಣ ಸೊಳ್ಳೆ ಕೊಲ್ಲುವ ಔಷಧಿ ಹೊಗೆಗೆ ಹೋಯಿತು. ಜ್ವರ ಶುರುವಾದರೆ ಸಾಕು, "ಫಾಗಿಂಗ್ ಮಾಡಿಸಿ" ಎನ್ನುವ ಕೂಗು. ಹೊಗೆ ಸಾಯಿಸುವುದು ಹಾರಾಡುವ ಸೊಳ್ಳೆಯನ್ನು ಮಾತ್ರ. ಮಂಚದ ಕೆಳಗೆ, ಪರದೆಯ ಹಿಂದೆ ಕೂತ ಈಡಿಸ್‌ಗೆ ಅದು ಸರಿಯಾಗಿ ತಲುಪುವುದೇ ಇಲ್ಲ. ನೀರಿನಲ್ಲಿರುವ ಮರಿಗಂತೂ ಏನೂ ಆಗದು. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಹೊಗೆ ಹಾಕಿದ ಮೇಲೆ ಜನ ಡ್ರಮ್ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಸುತ್ತು ಹೊಗೆಯ ಖರ್ಚಿನಲ್ಲಿ ಇಡೀ ಮಳೆಗಾಲದ ಬಾಟಲಿ ಕೆಲಸ ಮುಗಿಯುತ್ತದೆ, ಮಿಕ್ಕಿಯೂ ಉಳಿಯುತ್ತದೆ.

ಬಾಟಲಿ ಹೊಳೆದದ್ದು ಒಂದು ಜಗಳದಲ್ಲಿ. ಡ್ರಮ್ಮಿನಿಂದ ಮರಿ ತೆಗೆದು ತೋರಿಸಿದರೆ ಆ ಮನೆಯ ಅಜ್ಜಿ, "ಇವು ನೀರಿನ ಹುಳ ಕಣಪ್ಪ, ಏನೂ ಮಾಡಲ್ಲ" ಎಂದರು. ವಾದಿಸಿ ಸಾಕಾಗಿತ್ತು. ಅವರದೇ ಡ್ರಮ್ಮಿನ ನೀರು, ಅದರದೇ ಮರಿಗಳನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಬಲೆ ಬಟ್ಟೆ ಕಟ್ಟಿ, "ಅಜ್ಜಿ, ನಾಲ್ಕು ದಿನ ಬಿಟ್ಟು ಬರ್ತೀನಿ, ನೋಡ್ತಾ ಇರಿ" ಅಂದು ಬಂದೆ. ಮೂರನೇ ದಿನಕ್ಕೇ ಬುಲಾವ್ ಬಂತು. ಹೋದರೆ ಬೀದಿಯ ಹೆಂಗಸರೆಲ್ಲ ಅಲ್ಲಿದ್ದರು. ಬಾಟಲಿಯೊಳಗೆ ಏಳೆಂಟು ಸೊಳ್ಳೆ, ಕಾಲಿನ ಮೇಲೆ ಬಿಳಿ ಪಟ್ಟಿ. ಅಜ್ಜಿ ನನ್ನನ್ನೇ ಬೈದರು, "ಮೊದಲೇ ಯಾಕೆ ಹೇಳಲಿಲ್ಲ?" ಡ್ರಮ್ ಆಗಲೇ ಬೋರಲಾಗಿತ್ತು.

ಅಲ್ಲಿಂದ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. ಒಂದು ಬಾಟಲಿಗೆ ಬಾಯಿತನಕ ನೀರು ತುಂಬಿ ಮುಚ್ಚಳ ಬಿಗಿದೆ. ಉಸಿರಾಡಲು ಜಾಗವಿಲ್ಲದೆ ಮರಿಗಳು ಸತ್ತವು. "ನೋಡಿ, ಸೊಳ್ಳೆ ಆಗಲೇ ಇಲ್ಲ" ಎಂದು ಮನೆಯವರು ಗೆದ್ದರು. ಇನ್ನೊಂದು ಕಡೆ ತೀರಾ ಎಳೆಯ ಮರಿ ಹಾಕಿದೆ. ವಾರ ಕಳೆದರೂ ಏನೂ ಆಗದೆ ಅವರಿಗೆ ಬೇಸರ ಬಂತು. ಈಗ ಬಲಿತ ಮರಿ, ಜೊತೆಗೆ ಅಲ್ಪವಿರಾಮದ ಹಾಗೆ ಬಾಗಿದ ಪ್ಯೂಪಾ (ಮರಿ ಸೊಳ್ಳೆಯಾಗುವ ಮೊದಲಿನ ಹಂತ) ಎರಡು ಮೂರು ಇರಲೇಬೇಕು. ಪ್ಯೂಪಾ ಇದ್ದರೆ ಎರಡು ದಿನದ ಆಚೀಚೆ ಸೊಳ್ಳೆ ಗ್ಯಾರಂಟಿ.

ಮೂರನೇ ತಪ್ಪು ನೆನೆದರೆ ಈಗಲೂ ನಾಚಿಕೆ. ರಬ್ಬರ್ ಬ್ಯಾಂಡ್ ಜಾರಿ ಸೊಳ್ಳೆಗಳು ಮನೆಯೊಳಗೇ ಹಾರಿಹೋದವು. ಕೈಮುಗಿದು ತಪ್ಪೊಪ್ಪಿಕೊಂಡೆ. ಆದರೂ ಆ ಬೀದಿಯಲ್ಲಿ ತಿಂಗಳ ಕಾಲ ಯಾರೂ ಬಾಗಿಲು ತೆಗೆಯಲಿಲ್ಲ. ಅಂದಿನಿಂದ ಎರಡು ಪದರ ಬಲೆ, ಎರಡು ಬ್ಯಾಂಡ್. ಹೇಳಿದ ದಿನ ನಾನೇ ಹೋಗಿ ಬಾಟಲಿ ತರುತ್ತೇನೆ. ಬಲೆಯ ಮೇಲಿಂದಲೇ ಬಿಸಿನೀರು ಸುರಿದು, ಎಲ್ಲ ಸತ್ತ ಮೇಲೆಯೇ ಬಿಚ್ಚುತ್ತೇನೆ.

ಇನ್ನೊಂದು ಪೆಟ್ಟು ಗೆದ್ದೆ ಅಂದುಕೊಂಡ ಮೇಲೆ ಬಿತ್ತು. ಡ್ರಮ್ ಚೆಲ್ಲಿದ ಮನೆಗಳಲ್ಲೇ ಎಂಟು ಹತ್ತು ದಿನಕ್ಕೆ ಮತ್ತೆ ಮರಿ! "ನಿಮ್ಮ ಮಾತು ಕೇಳಿ ಒಂದು ಡ್ರಮ್ ನೀರು ದಂಡ" ಅಂದರು. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗಿಂತ ತುಸು ಮೇಲೆ, ಡ್ರಮ್ಮಿನ ಒಳಗೋಡೆಗೆ ಅಂಟಿಸಿ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ತಾಗಿದರೆ ಒಡೆಯುತ್ತದೆ. ಇದು ನನಗೂ ಗೊತ್ತಿತ್ತು, ನಿಮಗೂ ಗೊತ್ತು. ಆದರೆ ಬಾಗಿಲಲ್ಲಿ ನಿಂತು ಹೇಳಲು ಮರೆಯುತ್ತಿದ್ದೆ. ಮರುದಿನದಿಂದ ಬಾಟಲಿಯ ಜೊತೆ ಆ ಮೊಟ್ಟೆ ಉಜ್ಜಿ ತೆಗೆಯಲು ಒಂದು ಬ್ರಷ್ ಕೊಡತೊಡಗಿದೆ. ನಾನು ಮಾಡಿದ ಖರ್ಚಿನಲ್ಲಿ ಎಲ್ಲಕ್ಕಿಂತ ಕಡಿಮೆ ಅದರದು, ಫಲ ಎಲ್ಲಕ್ಕಿಂತ ಜಾಸ್ತಿ.

ನಡುವೆ ಒಂದಿಷ್ಟು ಆಟವೂ ಆಡಿದೆ. ಕಪ್ಪು ಲೋಟ, ಪಾರದರ್ಶಕ ಲೋಟ ಎರಡರಲ್ಲೂ ನೀರು ಹಾಕಿ, ಸೊಳ್ಳೆ ಮೊಟ್ಟೆ ಇಡಲಿ ಅಂತ ಕಾಗದದ ಪಟ್ಟಿ ಇಟ್ಟು ಯಾವುದರಲ್ಲಿ ಮೊಟ್ಟೆ ಜಾಸ್ತಿ ಅಂತ ಎಣಿಸಿದೆ. ಕಪ್ಪಿಗೆ ಸುಮಾರು ನಾಲ್ಕು ಪಟ್ಟು. ಒಣಹುಲ್ಲು ನೆನೆಸಿದ ನೀರು ಹಾಕಿದರೆ ಇನ್ನೂ ಹೆಚ್ಚು. ಒಂದು ಲೋಟ ಮೂಲೆಯಲ್ಲಿ ಎರಡು ವಾರ ಮರೆತುಬಿಟ್ಟೆ, ನಾನೇ ಸೊಳ್ಳೆ ಸಾಕಿದ ಹಾಗಾಯಿತು. ಸೊಳ್ಳೆ ಓಡಿಸುವ ಶಬ್ದ ಮಾಡುತ್ತದೆ ಎನ್ನುವ ಫೋನ್ ಆ್ಯಪನ್ನು ಬಾಟಲಿಗೆ ಹಿಡಿದೆ. ಒಂದು ಸೊಳ್ಳೆಯೂ ಕದಲಲಿಲ್ಲ. ಮರಿ ತಿನ್ನುವ ಗಪ್ಪಿ ಮೀನು ದೊಡ್ಡ ತೊಟ್ಟಿಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು. ದಿನಾ ಮೊಗೆಯುವ ಡ್ರಮ್ಮಿನಲ್ಲಿ ಮಾತ್ರ ಅರ್ಧಕ್ಕರ್ಧ ಬಕೆಟ್ ಜೊತೆ ಹೋದವು.

ಲೆಕ್ಕ ಬಾಯಲ್ಲೇ ಹೇಳುತ್ತೇನೆ. ನೂರಿಪ್ಪತ್ತು ಮನೆ. ಶುರುವಿನಲ್ಲಿ ಮೂವತ್ತರ ಹತ್ತಿರ ಮನೆಗಳಲ್ಲಿ ಮರಿ. ಹತ್ತು ವಾರದ ಮೇಲೆ ಎಂಟೋ ಒಂಬತ್ತೋ. ಬಾಟಲಿ ಇಟ್ಟದ್ದು ಬರೀ ಇಪ್ಪತ್ತೈದು ಮನೆಯಲ್ಲಿ, ಉಳಿದ ಕೆಲಸ ಅಕ್ಕಪಕ್ಕದವರ ಬಾಯಿಂದ ಆಯಿತು. ಯಾವ ಮನೆಗೆ ಮೊದಲು ಕೊಡಬೇಕು ಎಂಬುದರಲ್ಲೇ ಗುಟ್ಟಿದೆ. ಅದನ್ನು, ಬಾಗಿಲಲ್ಲಿ ನಾನು ಆಡುವ ಮೊದಲ ಮಾತನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಬಂದರೆ ತೋರಿಸುತ್ತೇನೆ. ಒಂದನ್ನು ಮಾತ್ರ ಬಿಟ್ಟುಕೊಡುತ್ತೇನೆ: ಫ್ರಿಜ್ಜಿನ ಹಿಂದಿನ ತಟ್ಟೆ ಎಳೆದು ನೋಡಿ. ಅಲ್ಲಿ ನೀರಿದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಉಳಿದ ಆ ಎಂಟೊಂಬತ್ತರಲ್ಲಿ ಐದಾರು ಮಾಳಿಗೆ ಮೇಲಿನ ಟ್ಯಾಂಕುಗಳು. ಮುಚ್ಚಳ ಒಡೆದಿದೆ, ಯಾರೂ ಏಣಿ ಹತ್ತುವುದಿಲ್ಲ, ನನಗೂ ಮೊದಲಿನ ಮೊಣಕಾಲಿಲ್ಲ. ಉದ್ದ ಕೋಲಿಗೆ ಫೋನ್ ಕಟ್ಟಿ ಒಳಗಿನ ಚಿತ್ರ ತೆಗೆದು ಮನೆಯವರಿಗೆ ತೋರಿಸುವ ಪ್ರಯೋಗ ನಡೆದಿದೆ. ಒಂದು ಫೋನ್ ಈಗಾಗಲೇ ನೀರು ಕುಡಿದಿದೆ.