ಪಕ್ಷಗಳ ಆರ್ಥಿಕ ಸಾಧನೆ ಅಳೆಯುವುದು ಹೇಗೆ? ತೊಗರಿಯಿಂದ ಶುರು ಮಾಡಿ

ಈ ಸಲದ ಪ್ರಣಾಳಿಕೆ ಬದಿಗಿಡಿ. ಹಿಂದಿನ ಚುನಾವಣೆಯದನ್ನು ಹುಡುಕಿ, ಲೆಕ್ಕಕ್ಕೆ ಸಿಗುವ ಮಾತುಗಳನ್ನಷ್ಟೇ ನೋಟ್‌ಬುಕ್‌ಗೆ ಇಳಿಸಿಕೊಳ್ಳಿ. ‘ರೈತರ ಬಾಳು ಹಸನು ಮಾಡುತ್ತೇವೆ’ ಎಂಬುದನ್ನು ಅಳೆಯಲು ಬರುವುದಿಲ್ಲ. ‘ತೊಗರಿಗೆ ಕ್ವಿಂಟಲ್‌ಗೆ ಇಷ್ಟು ಪ್ರೋತ್ಸಾಹಧನ’ ಎಂದಿದ್ದರೆ ಬರುತ್ತದೆ.

ಪ್ರತಿ ಭರವಸೆಯ ಮುಂದೆ ಅದು ಯಾರ ಕೈಯಲ್ಲಿದೆ ಎಂದು ಬರೆಯಿರಿ. ಬಹಳ ಮಂದಿ ಎಡವುವುದು ಇಲ್ಲೇ. ಬೆಂಬಲ ಬೆಲೆಯ ನಿಗದಿ, ಆಮದು ನೀತಿ ದೆಹಲಿಯವು. 2021ರ ಮೇ ತಿಂಗಳಲ್ಲಿ ತೊಗರಿ ಆಮದನ್ನು ಮುಕ್ತಗೊಳಿಸಿದ್ದೂ ಅಲ್ಲಿಂದಲೇ. ಬೆಂಬಲ ಬೆಲೆಯ ಮೇಲೆ ಪ್ರೋತ್ಸಾಹಧನ ಕೊಡುವುದು ರಾಜ್ಯದ ಕೈಯಲ್ಲಿದೆ. ಖರೀದಿಯಲ್ಲಿ ಇಬ್ಬರಿಗೂ ಪಾಲಿದೆ: ಒಪ್ಪಿಗೆ ದೆಹಲಿಯಿಂದ ಬರಬೇಕು, ಹಳ್ಳಿಗಳಲ್ಲಿ ಖರೀದಿ ಕೇಂದ್ರ ತೆರೆದು ರೈತರ ನೋಂದಣಿ ಮಾಡಬೇಕಾದದ್ದು ರಾಜ್ಯ. ತಡವಾಯಿತು ಎಂದಾಗ ಎರಡೂ ದಿನಾಂಕ ನೋಡಿ. ತಪ್ಪು ಯಾರದೆಂದು ತಾನೇ ತಿಳಿಯುತ್ತದೆ.

ಈಗ ಬೆಲೆಯ ಲೆಕ್ಕ. 2014-15ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,350 ರೂಪಾಯಿ, 2024-25ರಲ್ಲಿ 7,550. ಏರಿಕೆ 3,200 ರೂಪಾಯಿ, ಕೇಳಲು ದೊಡ್ಡದೇ. ಆದರೆ ಗೊಬ್ಬರ, ಕೂಲಿ, ಡೀಸೆಲ್ ಕೂಡ ಏರಿವೆಯಲ್ಲ! ಹಣದುಬ್ಬರ ವರ್ಷಕ್ಕೆ ಶೇ 5 ಎಂದು ಹಿಡಿದರೆ ಹಳೆಯ 4,350 ಹತ್ತು ವರ್ಷಕ್ಕೆ ಸುಮಾರು 7,090 ಆಗುತ್ತದೆ. ಅಂದರೆ ನಿಜವಾದ ಲಾಭ 460 ರೂಪಾಯಿ. ಶೇ 6 ಹಿಡಿದರೆ 7,790 ಆಗಿ, ರೈತನಿಗೆ 240 ರೂಪಾಯಿ ಖೋತಾ! ಒಂದೇ ಶೇಕಡಾ ಲೆಕ್ಕವನ್ನೇ ತಿರುವಿಹಾಕುತ್ತದೆ. ಆದ್ದರಿಂದ ಅಂದಾಜು ಬಿಟ್ಟು ಗ್ರಾಮೀಣ ಗ್ರಾಹಕ ಬೆಲೆ ಸೂಚ್ಯಂಕವನ್ನೇ, ಅಂದರೆ ಹಳ್ಳಿಗಳ ದಿನಬಳಕೆಯ ಬೆಲೆ ಎಷ್ಟು ಏರಿತೆಂದು ತೋರಿಸುವ ಸರ್ಕಾರಿ ಅಂಕಿಯನ್ನೇ ಬಳಸಿ. ಇದೇ ಗುಣಾಕಾರವನ್ನು ಪಿಂಚಣಿಗೂ ಕೂಲಿಗೂ ಮಾಡಿ ನೋಡಿ.

ಘೋಷಣೆಯಾದ ಬೆಲೆ ಕೈಗೆ ಬಂದ ಬೆಲೆಯಲ್ಲ. 2016-17ರಲ್ಲಿ ತೊಗರಿಯ ಬೆಂಬಲ ಬೆಲೆ ಕೇಂದ್ರದ ಬೋನಸ್ ಸೇರಿ 5,050 ರೂಪಾಯಿ ಇತ್ತು. ಬಂಪರ್ ಬೆಳೆ ಬಂದು ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿಳಿಯಿತು. ಕಲಬುರಗಿ ಗಂಜ್‌ನ (ಕೃಷಿ ಮಾರುಕಟ್ಟೆಯ) ದರ ನೋಡುವಾಗ ಜನವರಿ, ಫೆಬ್ರುವರಿಯದನ್ನು ತೆಗೆದುಕೊಳ್ಳಿ. ರಾಶಿಯಾದ ಕೂಡಲೇ ಸಾಲ ತೀರಿಸಲು ಸಣ್ಣ ರೈತರು ಮಾರುವುದು ಆಗಲೇ. ಜುಲೈನಲ್ಲಿ ದರ ಎಷ್ಟೇ ಏರಲಿ, ಅವರ ಮನೆಯಲ್ಲಿ ಮಾಲು ಉಳಿದಿರುವುದಿಲ್ಲ. ಯಾವುದೇ ಪಕ್ಷ ಜುಲೈ ದರ ತೋರಿಸಿದರೆ ಒಪ್ಪಬೇಡಿ.

ಅನುದಾನಕ್ಕೆ ಮೂರು ಅಂಕಿ ಬೇಕು: ಘೋಷಣೆ, ಬಿಡುಗಡೆ, ಖರ್ಚು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ ಹೇಳಿದ್ದು 5,000 ಕೋಟಿ ರೂಪಾಯಿ. ಅದು ಬರೀ ಅಂದಾಜು. ಒಂದು ವರ್ಷದ ಅಂತಿಮ ಲೆಕ್ಕ ಸಿಗುವುದು ಎರಡು ವರ್ಷ ಕಳೆದ ಮೇಲಿನ ಬಜೆಟ್ ಪುಸ್ತಕದಲ್ಲಿ. ಅಲ್ಲಿ ‘ಲೆಕ್ಕಗಳು’ ಎಂಬ ಕಾಲಂ ನೋಡಿ. ನಿಮ್ಮ ತಾಲ್ಲೂಕಿನ ಕಾಮಗಾರಿಗಳ ವಿವರಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನಾಲ್ಕು ರಸ್ತೆ, ಎರಡು ಶಾಲೆ ಒಟ್ಟಿಗೆ ಕೇಳಿದ ಅರ್ಜಿಗಳು ತಿರಸ್ಕೃತವಾಗುವುದು ಇದೇ ಕಾರಣಕ್ಕೆ.

ಮಳೆ, ರೋಗದ ಪಾಲನ್ನೂ ಕಳೆಯಿರಿ. 2022ರಲ್ಲಿ ಕಲಬುರಗಿ ಜಿಲ್ಲೆಯ ತೊಗರಿಗೆ ಗಿಡ ಒಣಗಿಸುವ ನೆಟೆ ರೋಗ ಬಿದ್ದದ್ದು, 2023ರಲ್ಲಿ ಬರ ಬಂದದ್ದು ಯಾವ ಪಕ್ಷದ ಕೆಲಸವೂ ಅಲ್ಲ. ಆಗ ಪರಿಹಾರ ಎಷ್ಟು ದಿನಕ್ಕೆ ಖಾತೆಗೆ ಬಿತ್ತು ಎಂಬುದು ಮಾತ್ರ ಸರ್ಕಾರದ್ದು. ಬೀದರ್‌ನ ಅಂಕಿಯನ್ನು ಮಹಾರಾಷ್ಟ್ರದ ಲಾತೂರಿನ ಜೊತೆ, ಯಾದಗಿರಿಯದನ್ನು ತೆಲಂಗಾಣದ ನಾರಾಯಣಪೇಟೆಯ ಜೊತೆ ಅದೇ ವರ್ಷಕ್ಕೆ ಇಟ್ಟು ನೋಡಿ. ಎರಡೂ ಕಡೆ ಒಟ್ಟಿಗೆ ಕುಸಿದಿದ್ದರೆ ಹವಾಮಾನವನ್ನೋ ದೇಶದ ಮಾರುಕಟ್ಟೆಯನ್ನೋ ಮೊದಲು ಪರಿಶೀಲಿಸಿ. ಒಂದೇ ಕಡೆ ಕುಸಿದಿದ್ದರೆ ಆ ಕಡೆ ಅಧಿಕಾರದಲ್ಲಿದ್ದವರ ಹೆಸರನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.